ಬಾನಿಗೆ ಕೇಳಿಸಬಾರದ ಮಾತು

ಕೆರೆಕ್, ತುಬಾನ್ ಜಿಲ್ಲೆ
೨೨ ಮಾರ್ಚ್ ೨೦೦೩

ಲಸ್ತ್ರಿ,

ಈಗ ಸಂಜೆ ನಾಲ್ಕೂವರೆ. ಬೆಳಿಗ್ಗೆ ಎರಡು ಬಟ್ಟೆ ನೀಲಿ ಬಣ್ಣದ ಬಾನಿಯಲ್ಲಿ ಅದ್ದಿದೆ. ಮಧ್ಯಾಹ್ನ ಮುಸುಕಿನ ಜೋಳದ ಅನ್ನ ಉಂಡೆ. ಬಿಸಿಲು ಇಳಿದ ಮೇಲೆ, ನಿನ್ನ ತಾಯಿ ತೀರಿದ ನಲವತ್ತನೆಯ ದಿನದ ಪ್ರಾರ್ಥನೆಗೆ ತಂದಿದ್ದ ಚಾಪೆಗಳನ್ನು ಮಸೀದಿಗೆ ಮುಟ್ಟಿಸಿ ಬಂದೆ. ಇವತ್ತಿನ ದಿನ ಇಷ್ಟೇ.

ನೀನು ಸಲಾತಿಗಾ ತಲುಪಿದ ಸುದ್ದಿಯನ್ನು ಫೋನಿನಂಗಡಿಯವನು ಬಂದು ಹೇಳಿದ. ಫೋನಿನಲ್ಲಿ ನನಗೆ "ಹೂಂ" ಬಿಟ್ಟರೆ ಬೇರೆ ಮಾತು ಹುಟ್ಟುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನ ಎಂಬೊಕ್ ಇದ್ದಾಗ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಈಗ ಏನು ಬರೆಯಬೇಕೆಂದು ನಾನೇ ಯೋಚಿಸಬೇಕು.

ಪಕ್ಕದ ಮನೆಯ ತರ್ಮಿ ತಟ್ಟೆ ತೊಳೆದು ಕೊಡಲು ಬಂದಿದ್ದಳು. "ಕಾಂಗ್ ತಸ್ರಿ, ಅಳಿಯ ಯಾಕೆ ಬರ್ಲಿಲ್ಲ? ಅತ್ತೆ ನಲವತ್ತಕ್ಕೂ ಪುರುಸೊತ್ತಿಲ್ವಂತಾ?" ಎಂದಳು. ಗಿರಾಕಿ ಕಾಯುತ್ತಿದ್ದರಂತೆ ಎಂದೆ. "ಗಿರಾಕಿ ಕಾಯ್ತಾರೆ, ಸತ್ತೋರು ಕಾಯ್ತಾರಾ?" ಎಂದು ಸೆರಗು ಕೊಡವಿದಳು. ಆಮೇಲೆ ಅವಳಿಗೇ ಏನೋ ಅನ್ನಿಸಿರಬೇಕು, "ಅಲ್ಲ ಬಿಡಿ, ಸತ್ತೋರೇ ಚೆನ್ನಾಗಿ ಕಾಯೋದು" ಎಂದು ಹೋದಳು.

ಎಂಬೊಕ್ ಬಾತಿಕ್‌ಗೆಂದು ಮೇಣದ ಗೆರೆ ಎಳೆದು ಇಟ್ಟ ಬಟ್ಟೆಗಳು ಬುಟ್ಟಿಯಲ್ಲಿ ಇನ್ನೂ ಇವೆ. ಒಂದೊಂದಾಗಿ ಅದ್ದುತ್ತಿದ್ದೇನೆ. ಬೇಗ ಮುಗಿಸಲು ಮನಸ್ಸಿಲ್ಲ. ಹಾಗೆಂದು ಇಟ್ಟುಕೊಂಡರೆ ಈ ಸೆಕೆಗೆ ಮೇಣ ಬಿರಿಯುತ್ತದೆ.

ಜಿತೊ ಆರೋಗ್ಯವಾಗಿದ್ದಾನೆಯೆ? ಬಾನಿಗೆ ಹಾಕುವ ಸುಣ್ಣ ಮುಗಿದಿದೆ. ನಾಳೆ ತರಬೇಕು.

ನಿನ್ನ ಬಪಾಕ್,
ತಸ್ರಿಪಾನ್


ಸಲಾತಿಗಾ
೪ ಏಪ್ರಿಲ್ ೨೦೦೩

ಬಪಾಕ್,

ನಿಮ್ಮ ಕಾಗದ ಬಂತು. ಇಲ್ಲಿ ಇನ್ನೂ ಮಳೆ ಬಿಟ್ಟಿಲ್ಲ. ಬಟ್ಟೆ ಒಣಗುವುದಿಲ್ಲ, ಮೇಣ ಹಾಕುವ ಹೆಂಗಸರು ಒಲೆಯ ಸುತ್ತ ಮುದುರಿ ಕೂತಿರುತ್ತಾರೆ.

ಮಾಸ್ ಜಿತೊ ಎಂಬೊಕ್‌ನ ನಲವತ್ತಕ್ಕೆ ಬರಲಿಲ್ಲವೆಂದು ಊರಿನಲ್ಲಿ ಎಲ್ಲರೂ ಕೇಳಿದರು. ನೀವೊಬ್ಬರೇ ಕೇಳಲಿಲ್ಲ. ನಮ್ಮ ಬಟ್ಟೆ ಕೊಳ್ಳುವ ಸೆಮರಾಂಗಿನ ಅಂಗಡಿಯವರು ಒಂದು ಹೋಟೆಲಿಗೆ ಒಟ್ಟಿಗೆ ಬಹಳ ಬಟ್ಟೆ ಕೊಡಲು ಒಪ್ಪಿಕೊಂಡಿದ್ದಾರೆ. ನಾನು ಮೇಣ ಮತ್ತು ಅಂಗಡಿ ನೋಡಿಕೊಳ್ಳುತ್ತೇನೆ, ಮಾಸ್ ಜಿತೊ ನೀಲಿ ಮತ್ತು ಸಾಗಣೆ. ಇಬ್ಬರೂ ಬಂದುಬಿಟ್ಟರೆ ಬಾನಿಗೆ ಬೆಳಿಗ್ಗೆ ಸಂಜೆ ಕೈಯಾಡಿಸುವವರು ಯಾರು? ಅವರೇ ಇರುತ್ತೇನೆಂದರು. ನಾನು ಸರಿ ಎಂದೆ.

ಅವರು ಶಾಲೆಯ ಗುಮಾಸ್ತಗಿರಿ ಬಿಟ್ಟು, ನಿಮ್ಮ ಹತ್ತಿರ ನೀಲಿ ಕಲಿತು, ನಾವು ಈ ಮನೆಯ ಹಿತ್ತಿಲಲ್ಲಿ ಬಾನಿ ಹೂಡಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಮನೆಯೊಳಗೆ ಒಂದು ಒರಟು ಮಾತು ಬಂದಿಲ್ಲ. ಗಂಡ ಹೆಂಡತಿ ಜಗಳ ಕೇಳಿದರೆ ಬಾನಿ ಮುನಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ಅದ್ದಿದರೂ ನೀಲಿ ಹಿಡಿಯುವುದಿಲ್ಲ ಎಂದು ಹೇಳಿಕೊಂಡೇ ನೀವು ನನ್ನನ್ನು ಬೆಳೆಸಿದಿರಿ. ನಿಮ್ಮ ದನಿಯಾಗಲಿ ಎಂಬೊಕ್‌ನ ದನಿಯಾಗಲಿ ಏರಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ನಾವೂ ಹಾಗೇ ಇದ್ದೇವೆ.

ಅಡುಗೆಮನೆಯ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದೇವೆ. ಬೇಸರ ತರುವ ವಿಷಯವಿದ್ದರೆ ಬಾಯಲ್ಲಿ ಆಡದೆ ಅದರ ಮೇಲೆ ಬರೆಯುವುದು. "ನಿನ್ನೆಯ ಬಣ್ಣ ತೆಳು" ಎಂದು ನಾನು ಬರೆದರೆ ಅವರು "ಸರಿ" ಎಂದು ಬರೆಯುತ್ತಾರೆ. ಈಚೆಗೆ ಉಪ್ಪು ತರುವುದನ್ನೂ ಅದರ ಮೇಲೇ ಬರೆಯುತ್ತಿದ್ದೇವೆ. ಮೇಣದ ಹೆಂಗಸರಲ್ಲಿ ಒಬ್ಬಳು, "ಏನಮ್ಮ, ಇಬ್ಬರಿಗೂ ಒಂದೇ ಸಲ ಹಲ್ಲುನೋವಾ?" ಎಂದು ನಗುತ್ತಾಳೆ.

ಒಂದು ವಿಷಯ ಕೇಳಬೇಕಿತ್ತು. ಹತ್ತು ದಿನದಿಂದ ಬಾನಿಯ ಮೇಲೆ ನೊರೆ ಕಟ್ಟುತ್ತಿಲ್ಲ. ಬಟ್ಟೆ ಹಸಿರಾಗಿ ಮೇಲೆ ಬಂದು ಗಾಳಿಗೆ ನೀಲಿಯಾಗುವ ಬದಲು ಬೂದಿಯ ಹಾಗೆ ಬರುತ್ತಿದೆ. ಏನು ಮಾಡಲಿ?

ನಿಮ್ಮ ಮಗಳು,
ಸುಲಸ್ತ್ರಿ


ಕೆರೆಕ್
೧೧ ಏಪ್ರಿಲ್ ೨೦೦೩

ಲಸ್ತ್ರಿ,

ಬೆಳಿಗ್ಗೆ ಆರೂವರೆ. ಇನ್ನೂ ಬಿಸಿಲು ಏರಿಲ್ಲ. ನಿನ್ನೆ ಐದು ದಿನಕ್ಕೊಮ್ಮೆ ಸೇರುವ ಸಂತೆಗೆ ಹೋಗಿದ್ದೆ. ವ್ಯಾನು ತುಂಬಿತ್ತು, ಜನ ಬಾಗಿಲಿನಲ್ಲಿ ನೇತಾಡುತ್ತಿದ್ದರು. ಆದರೂ ನನ್ನ ಪಕ್ಕದ ಜಾಗದಲ್ಲಿ ಯಾರೂ ಕೂರಲಿಲ್ಲ. ಕೂತುಕೊಳ್ಳಿ ಎಂದು ನಾನೂ ಹೇಳಲಿಲ್ಲ.

ನಿನ್ನ ಬಾನಿಗೆ ಚಳಿಯಾಗಿದೆ. ನಿಮ್ಮದು ಬೆಟ್ಟದ ಊರು, ಅದರ ಮೇಲೆ ಮಳೆ. ಸುತ್ತ ಒಣಹುಲ್ಲು ಕಟ್ಟಿ, ರಾತ್ರಿ ಎರಡು ಗೋಣಿ ಹೊದಿಸಿ. ತಾಳೆಬೆಲ್ಲ ಕರಗಿಸಿ ಬೆಚ್ಚಗಿರುವಾಗ ಹಾಕಿ. ಮೂರು ದಿನ ಬಟ್ಟೆ ಮುಟ್ಟಿಸಬೇಡಿ, ಸುಮ್ಮನೆ ಬಿಡಿ. ಗಸಿಯನ್ನು ಮೆಲ್ಲಗೆ ಕಲಕಿ, ಗಾಳಿ ತುಂಬುವ ಹಾಗೆ ಬಡಿಯಬಾರದು.

ಇದನ್ನೆಲ್ಲ ಬರೆಯುತ್ತಿರುವಾಗಲೇ ಅನ್ನಿಸಿತು, ಇದು ಜಿತೊಗೆ ಗೊತ್ತಿರುವುದೇ. ನನ್ನ ಹತ್ತಿರ ಎರಡು ಮಳೆಗಾಲ ಕಲಿತವನು. ಬಾನಿಗೆ ಮೈ ಸರಿಯಿಲ್ಲವೆಂದರೆ ರಾತ್ರಿ ಎದ್ದು ಹೋಗಿ ಮೂಸಿ ನೋಡುತ್ತಿದ್ದ. ಅವನು ಯಾಕೆ ಮಾಡಿಲ್ಲ? ಹುಷಾರಾಗಿದ್ದಾನಲ್ಲ?

ಅವನು ಕಳಿಸಿದ ಕಡಲೆಬೀಜದ ಮಿಠಾಯಿ ಬಂತು. ಹಲ್ಲಿಲ್ಲದವನಿಗೆ ಯಾಕೆ ಕಳಿಸಿದ ಎಂದು ತರ್ಮಿ ಕೇಳಿದಳು. ಕಳಿಸಿದ್ದೆಲ್ಲ ಅವಳೇ ತಿನ್ನುತ್ತಿದ್ದಾಳೆ, ಆದರೂ ಕೇಳುತ್ತಾಳೆ.

ನಾಳೆ ನೀಲಿ ಸೊಪ್ಪು ಕೊಯ್ಯುವವರು ಬರುತ್ತಾರೆ.

ಬಪಾಕ್,
ತಸ್ರಿಪಾನ್


ಸಲಾತಿಗಾ
೨೧ ಏಪ್ರಿಲ್ ೨೦೦೩

ಬಪಾಕ್,

ಬಾನಿ ಸತ್ತುಹೋಯಿತು. ಹುಲ್ಲು ಕಟ್ಟಿದೆವು, ಬೆಲ್ಲ ಹಾಕಿದೆವು. ನಿನ್ನೆ ಮುಚ್ಚಳ ತೆಗೆದರೆ ಕೊಳೆತ ವಾಸನೆ. ಜೀವ ಇರುವ ನೀಲಿಯ ವಾಸನೆಯೂ ಅಷ್ಟು ಒಳ್ಳೆಯದಲ್ಲ ಅನ್ನುತ್ತಾರೆ ಜನ, ಆದರೆ ನಮಗೆ ವ್ಯತ್ಯಾಸ ತಿಳಿಯುತ್ತದಲ್ಲ.

ಇಲ್ಲಿ ಯಾರೂ ಜಗಳವಾಡಿಲ್ಲ. ಹಾಗಿದ್ದೂ ಸತ್ತಿತೆಂದರೆ ಏನು? ನಾನು ಹಲಗೆಯ ಮೇಲೆ ಬರೆದೆ: "ನಿಮ್ಮ ಮನಸ್ಸಿನಲ್ಲಿ ನನ್ನ ಮೇಲೆ ಏನೋ ಇದೆ. ಅದು ಬಾನಿಗೆ ಗೊತ್ತಾಗಿದೆ." ಬರೆದು ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅವರು ಅದನ್ನು ಅಳಿಸಿ "ಸರಿ" ಎಂದು ಬರೆದಿದ್ದರು.

ಬಪಾಕ್, ಆ ಎರಡಕ್ಷರ ನೋಡಿಕೊಂಡು ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲಗೆ ಒಡೆದು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು.

ನನ್ನ ಮನಸ್ಸಿನಲ್ಲೂ ಒಂದು ವಿಷಯ ಇದೆ. ಅದು ಎಂಬೊಕ್‌ಗೆ ಮಾತ್ರ ಗೊತ್ತಿತ್ತು. ನಿಮಗೆ ಬರೆಯಲು ಆಗುವುದಿಲ್ಲ.

ಒಂದು ತೀರ್ಮಾನ ಮಾಡಿದ್ದೇನೆ. ಮೇ ತಿಂಗಳಲ್ಲಿ ಎಂಬೊಕ್‌ನ ನೂರನೆಯ ದಿನಕ್ಕೆ ಬರುತ್ತೇನಲ್ಲ, ಬಂದವಳು ಅಲ್ಲೇ ಇದ್ದುಬಿಡುತ್ತೇನೆ. ನಾನು ಮೇಣದ ಗೆರೆ ಎಳೆಯುತ್ತೇನೆ, ನೀವು ಅದ್ದಿ. ನಿಮಗೂ ಒಬ್ಬರು ಬೇಕು. ಅವರು ಬೇಕಾದರೆ ಮತ್ತೆ ಶಾಲೆಗೆ ಸೇರಿಕೊಳ್ಳಲಿ, ಈ ಕೆಲಸಕ್ಕೆ ಅವರನ್ನು ಎಳೆದು ತಂದವಳು ನಾನೇ. ಈಗಲೇ ಅವರಿಗೆ ಹೇಳಬೇಡಿ. ಹೂಂ ಎಂದು ಒಂದು ಸಾಲು ಬರೆಯಿರಿ, ಸಾಕು.

ಸುಲಸ್ತ್ರಿ


ಕೆರೆಕ್
೨೬ ಏಪ್ರಿಲ್ ೨೦೦೩

ಲಸ್ತ್ರಿ,

ಬಾ.

ಈಗ ಮಧ್ಯಾಹ್ನ ಎರಡು ಗಂಟೆ. ನಿನ್ನ ಕಾಗದ ಬೆಳಿಗ್ಗೆ ಬಂತು. ಓದಿ ಆದ ಮೇಲೆ ಕೊಟ್ಟಿಗೆಯ ಹಿಂದೆ ಬೋರಲು ಹಾಕಿದ್ದ ಎರಡು ಬಾನಿಗಳನ್ನು ಉರುಳಿಸಿಕೊಂಡು ಅಂಗಳಕ್ಕೆ ತಂದೆ. ಒಂದರೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ತೆಂಗಿನ ನಾರಿನಿಂದ ಉಜ್ಜಿ, ನೀರು ತುಂಬಿಸಿ, ಸೋರುತ್ತದೆಯೇ ನೋಡಲು ಬಿಟ್ಟಿದ್ದೇನೆ. ಇಲ್ಲಿಯವರೆಗೆ ಸೋರಿಲ್ಲ.

ತರ್ಮಿ ಬೇಲಿಯ ಆಚೆಯಿಂದ, "ಏನು ಕಾಂಗ್, ಮದುವೆ ಮನೆ ಥರ ಸಡಗರ?" ಎಂದಳು.

"ಮಗಳು ಬರ್ತಾಳೆ."

"ಬಂದು ಹೋಗೋಕೋ, ಬಂದು ಇರೋಕೋ?"

"ಬರ್ತಾಳೆ ಅಂದೆ," ಎಂದು ಒಳಗೆ ಹೋದೆ. ಇವತ್ತು ಎರಡು ತುತ್ತು ಹೆಚ್ಚಿಗೆ ಉಂಡೆ.

ನಾಳೆ ನಿನ್ನ ಮಂಚದ ಹಗ್ಗ ಬಿಗಿಸುತ್ತೇನೆ.

ಬಪಾಕ್,
ತಸ್ರಿಪಾನ್


ಸಲಾತಿಗಾ
೨೮ ಏಪ್ರಿಲ್ ೨೦೦೩

ಪೂಜ್ಯ ಬಪಾಕ್ ಅವರಿಗೆ ಹರ್ಜಿತೊ ಮಾಡುವ ಸಲಾಂ.

ತಮಗೆ ನಾನು ಹಿಂದೆ ಕಾಗದ ಬರೆದವನಲ್ಲ. ತಪ್ಪಿದ್ದರೆ ಮನ್ನಿಸಿ. ತಾವು ಕಲಿಸಿದ ಬಾನಿಯನ್ನು ನಾನು ಉಳಿಸಿಕೊಳ್ಳಲಿಲ್ಲ. ನೂರನೆಯ ದಿನಕ್ಕೆ ಬಂದಾಗ ಹೊಸ ಬಾನಿಗೆ ಹೆಪ್ಪಾಗಿ ತಮ್ಮ ಬಾನಿಯಿಂದ ಒಂದು ಜಾಡಿ ಜೀವದ ನೀಲಿ ಕೊಡುತ್ತೀರಾ ಎಂದು ಕೇಳಲು ಬರೆಯುತ್ತಿದ್ದೇನೆ. ಬರೆಯಲು ಕೂತ ಮೇಲೆ ಇನ್ನೊಂದು ವಿಷಯವನ್ನೂ ಹೇಳದೆ ಮುಗಿಸಲು ಆಗುತ್ತಿಲ್ಲ.

ಹೋದ ನವೆಂಬರಿನಲ್ಲಿ ಲಸ್ತ್ರಿಗೆ ಮೂರು ತಿಂಗಳು ತುಂಬಿತ್ತು. ಒಂದು ಬೆಳಿಗ್ಗೆ ಮೇಣದ ಒಲೆಯ ಹತ್ತಿರ ಕೂತಿದ್ದವಳಿಗೆ ಹೊಟ್ಟೆನೋವು ಬಂತು, ಮಗು ಉಳಿಯಲಿಲ್ಲ. ಆ ದಿನವೇ ಸೆಮರಾಂಗಿಗೆ ಬಟ್ಟೆ ಮುಟ್ಟಿಸುವ ಗಡುವು. ಸೂಲಗಿತ್ತಿ ಬಂದಿದ್ದಳು. ಲಸ್ತ್ರಿ ಗೋಡೆಯ ಕಡೆ ತಿರುಗಿ ಮಲಗಿ, "ನೀವು ಹೋಗಿ ಮಾಸ್, ಅಂಗಡಿಯೋರು ಕಾಯ್ತಾರೆ" ಎಂದಳು. ನಾನು ಹೋದೆ. ಸಂಜೆ ಬಂದೆ. ಮಾರನೆಯ ದಿನ ಅತ್ತೆ ಬಂದು ಹತ್ತು ದಿನ ಇದ್ದರು. ಬಾನಿ ನೋಡಲು ಬಂದೆನೆಂದು ಅವರು ನೆರೆಯವರಿಗೆ ಹೇಳಿದರು. ತಮಗೂ ಹಾಗೇ ಹೇಳಿರಬೇಕು.

ಅವತ್ತಿನಿಂದ ಆ ವಿಷಯ ನಾವು ಎತ್ತಿಲ್ಲ. ಅವಳಿಗೆ ನನ್ನ ಮೇಲೆ ಕೋಪವಿದೆ. ಆ ಕೋಪ ನ್ಯಾಯವಾದದ್ದು. ಆದರೆ ಬಾಯಿಬಿಟ್ಟು ಕೇಳಲು ಮನೆಯಲ್ಲಿ ಜಾಗವೇ ಇಲ್ಲ. ಒಂದು ಕಡೆ ಮೇಣದ ಹೆಂಗಸರು, ಇನ್ನೊಂದು ಕಡೆ ಗಿರಾಕಿಗಳು, ಹಿಂದೆ ಬಾನಿ. ಮಲಗುವ ಕೋಣೆಗೂ ಬಾನಿಗೂ ನಡುವೆ ಒಂದು ಬಿದಿರು ತಟ್ಟಿ, ಅಷ್ಟೆ. ನಲವತ್ತಕ್ಕೆ ಬರದೆ ಹೋದದ್ದೂ ಅದಕ್ಕೇ. ಅತ್ತೆಯ ಚಿತ್ರದ ಮುಂದೆ ಅವಳ ಪಕ್ಕದಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಬಾನಿಯ ನೆಪ ಹೇಳಿದೆ.

ತಾವೂ ಅತ್ತೆಯೂ ಅಷ್ಟು ವರ್ಷ ಒಂದು ಜಗಳದ ಮಾತೂ ಆಡದೆ ಹೇಗೆ ಕೆಲಸ ಮಾಡಿದಿರಿ ಬಪಾಕ್? ಅದನ್ನು ಮಾತ್ರ ತಾವು ನನಗೆ ಕಲಿಸಲಿಲ್ಲ.

ತಮ್ಮ ಅಳಿಯ,
ಹರ್ಜಿತೊ


ಕೆರೆಕ್
೪ ಮೇ ೨೦೦೩

ಲಸ್ತ್ರಿ,

ಬೆಳಿಗ್ಗೆ ಹತ್ತು ಗಂಟೆ. ಇವತ್ತು ಏನೂ ಅದ್ದಿಲ್ಲ. ಹಿತ್ತಿಲಲ್ಲಿ ಕೂತಿದ್ದೆ.

ಜಿತೊ ಕಾಗದ ಬರೆದಿದ್ದಾನೆ. ನವೆಂಬರಿನ ವಿಷಯ ಬರೆದಿದ್ದಾನೆ. ನಿನಗೆ ಏನು ಹೇಳಬೇಕೋ ನನಗೆ ತಿಳಿಯದು, ಮಗಳೇ. ಎಂಬೊಕ್ ಆಗ ನಿನ್ನ ಮನೆಯಿಂದ ಬಂದವಳು ಮೂರು ದಿನ ಮೇಣದ ಒಲೆ ಹಚ್ಚಲಿಲ್ಲ. ಬಸ್ಸಿನ ಆಯಾಸ ಎಂದಳು. ನಾನು ಶುಂಠಿ ಕುದಿಸಿ ಕೊಟ್ಟೆ. ಈಗ ಆ ಮೂರು ದಿನ ನೆನಪಾಗುತ್ತಿವೆ.

ಹಿಂದಿನ ಕಾಗದದಲ್ಲಿ "ಬಾ" ಎಂದು ಬರೆದೆ. ಅದು ನನಗಾಗಿ ಬರೆದದ್ದು. ಈ ಕಾಗದ ನಿನಗಾಗಿ. ಓದಿ ಜಿತೊಗೂ ಕೊಡು.

ನಾನೂ ಎಂಬೊಕ್ಕೂ ಜಗಳವಾಡಲಿಲ್ಲವೆಂದು ನಿಮಗೆ ಯಾರು ಹೇಳಿದರು?

ಸಂತೆಯ ದಿನ ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿದ್ದೆವಲ್ಲ. ಒಂದು ಸಣ್ಣ ಗಂಟು ಬಟ್ಟೆ ಮಾರಲು ಇಬ್ಬರು ಯಾಕೆ ಬೇಕು ಎಂದು ನಿನಗೆ ಒಂದು ದಿನವೂ ಅನ್ನಿಸಲಿಲ್ಲವೆ? ಐದು ದಿನ ಅವಳು ತುಟಿ ಬಿಗಿದು ಇರುತ್ತಿದ್ದಳು. ವ್ಯಾನು ತೇಗದ ಕಾಡು ದಾಟಿದ ಕೂಡಲೇ ನನ್ನ ಕಡೆ ತಿರುಗಿ, "ಹೂಂ, ಈಗ ಹೇಳಿ, ಸೋಮವಾರ ನನ್ನ ಬಟ್ಟೆ ಯಾಕೆ ಎರಡು ಮುಳುಗು ಕಮ್ಮಿ ಹಾಕಿದ್ರಿ?" ಎಂದು ಶುರುಮಾಡುತ್ತಿದ್ದಳು. ಅಲ್ಲಿಂದ ಸಂತೆ ಮುಟ್ಟುವವರೆಗೆ ಉಸಿರು ಬಿಡಲು ಪುರುಸೊತ್ತಿಲ್ಲ. ನಿನ್ನ ಸ್ಕೂಲು, ನನ್ನ ಅಣ್ಣ, ಅವಳ ತವರು, ನಾನು ಸಾಲಕ್ಕೆ ಬಟ್ಟೆ ಕೊಟ್ಟದ್ದು, ಅವಳು ನನ್ನನ್ನು ಕೇಳದೆ ಆಡು ಮಾರಿದ್ದು, ಎಲ್ಲ ಆ ವ್ಯಾನಿನಲ್ಲೇ. ಡ್ರೈವರು ನಾವು ಹತ್ತಿದ ಕೂಡಲೇ, "ಬನ್ನಿ ಬನ್ನಿ, ಇವತ್ತಿನ ಕೇಸು ಏನು?" ಎನ್ನುತ್ತಿದ್ದ. ತರಕಾರಿ ಮುದುಕಿಯರೆಲ್ಲ ಅವಳ ಪಕ್ಷ. ನನ್ನ ಪಕ್ಷಕ್ಕೆ ಒಬ್ಬ ಆಡಿನ ವ್ಯಾಪಾರಿ ಇದ್ದ. ಒಂದು ದಿನ ಎಂಬೊಕ್ ಅವನಿಗೆ, "ನಿಮ್ಮ ಹೆಂಡ್ತೀನೂ ಒಂದ್ಸಲ ಈ ವ್ಯಾನಿಗೆ ಕರ್ಕೊಂಡ್ ಬನ್ನಿ, ಕೇಳೋಣ" ಎಂದಳು. ಆಮೇಲೆ ಅವನೂ ಕಿಟಕಿಯ ಹೊರಗೆ ನೋಡತೊಡಗಿದ.

ಒಂದು ಸಲ ಜಗಳ ಮುಗಿಯಲಿಲ್ಲವೆಂದು ಸಂತೆಯಲ್ಲಿ ಇಳಿಯದೆ ಸಮುದ್ರದವರೆಗೂ ಹೋಗಿಬಿಟ್ಟೆವು. ಬಟ್ಟೆ ಮಾರಲಿಲ್ಲ. ಮೀನು ಕೊಂಡು ಬಂದೆವು. ನೀನು ಆ ಮೀನು ತಿಂದಿದ್ದೀಯೆ.

ಬರುವಾಗ ಜಗಳವಿಲ್ಲ. ಅವಳು ಗಂಟಿಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಪ್ರತಿ ಸಲವೂ ಎಲ್ಲ ಸರಿಹೋಗುತ್ತಿತ್ತು ಎಂದಲ್ಲ. ಆಡಿನ ವಿಷಯ ಕೊನೆಯವರೆಗೂ ಸರಿಹೋಗಲಿಲ್ಲ.

ಬಾನಿಗೆ ಕೇಳಿಸಬಾರದು ಎಂದರು ಹಿರಿಯರು. ಆಡಲೇಬಾರದು ಎಂದು ಯಾರೂ ಹೇಳಲಿಲ್ಲ. ನಾವು ಬೇರೆ ಕಡೆ ಆಡುತ್ತೇವೆಂಬುದು ನಿನಗೆ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ.

ನೂರನೆಯ ದಿನಕ್ಕೆ ಇಬ್ಬರೂ ಬನ್ನಿ. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ. ಸಲಾತಿಗಾದಿಂದ ಇಲ್ಲಿಗೆ ಇಡೀ ಹಗಲಿನ ದಾರಿ. ಅಲ್ಲಿಯ ಬಾನಿ ಹೇಗೂ ಸತ್ತಿದೆ, ಅದಕ್ಕೆ ಈಗ ಏನು ಕೇಳಿಸಿದರೇನು. ಆದರೂ ಮನೆಯಲ್ಲಿ ಬೇಡ, ಅಭ್ಯಾಸ ತಪ್ಪಿದವರಿಗೆ ಗೋಡೆಗಳ ನಡುವೆ ಜಗಳ ಕಷ್ಟ. ಆಡಿಯಾದ ಮೇಲೂ ನಿನಗೆ ಇಲ್ಲೇ ಇರಬೇಕು ಅನ್ನಿಸಿದರೆ ಇರು. ಮಂಚದ ಹಗ್ಗ ಬಿಗಿಸಿದ್ದೇನೆ.

ನಾಳೆ ಸಂತೆ.

ಬಪಾಕ್,
ತಸ್ರಿಪಾನ್


ಸಲಾತಿಗಾ
೨೫ ಮೇ ೨೦೦೩

ಬಪಾಕ್,

ನೂರನೆಯ ದಿನ ನೀವು ಏನೂ ಕೇಳಲಿಲ್ಲ. ನಾನು ಬಸ್ಸಿಳಿದಾಗ ನನ್ನ ಗಂಟಲು ಬಿದ್ದುಹೋಗಿತ್ತು, ಅವರ ಕಣ್ಣು ಕೆಂಪಗಿದ್ದವು. ಕಂಡಕ್ಟರು ನಿಮ್ಮನ್ನು ನೋಡಿ, "ಇವರ ಕಡೆಯೋರು ನೀವೇನಾ? ಹೋಗುವಾಗ ಬೇರೆ ಬಸ್ಸಿಗೆ ಹತ್ಸಿ" ಎಂದದ್ದನ್ನೂ ಕೇಳಿಸದವರ ಹಾಗೆ ಇದ್ದಿರಿ. ಪ್ರಾರ್ಥನೆ, ಊಟ, ನೆಂಟರು. ಮಾತಾಡಲು ಸಮಯವಾಗಲಿಲ್ಲ. ಈಗ ಬರೆಯುತ್ತೇನೆ.

ಸೆಮರಾಂಗಿನಲ್ಲಿ ಬಸ್ಸು ಬದಲಾಯಿಸುವವರೆಗೆ ಇಬ್ಬರೂ ಬಾಯಿ ಬಿಡಲಿಲ್ಲ. ಹಲಗೆ ತರಬೇಕಿತ್ತು ಎಂದು ನನಗೆ ಅನ್ನಿಸಿತ್ತು. ದೆಮಾಕ್ ದಾಟಿದ ಮೇಲೆ ಅವರು, "ಬಪಾಕ್ ಜಗಳ ಆಡ್ಕೊಂಡ್ ಬನ್ನಿ ಅಂದಿದಾರೆ. ಎಲ್ಲಿಂದ ಶುರು ಮಾಡ್ಲಿ?" ಎಂದರು. ನನಗೆ ನಗು ಬಂತು. ನಗುತ್ತಲೇ ಅದು ಅಳುವಾಯಿತು.

"ಅವತ್ತು ನೀವು ಹೋದ್ರಿ," ಎಂದೆ.

"ನೀನೇ ಹೋಗಿ ಅಂದೆ."

"ಅಂದೆ. ಹೋಗ್ಬೇಡಿ ಅಂತಿದೀನಿ ಅನ್ನೋದು ಗೊತ್ತಾಗ್ಲಿಲ್ವಾ?"

ಅವರು, "ಗೊತ್ತಾಯ್ತು," ಎಂದರು.

ಬಪಾಕ್, ಆಗ ನಾನು ಅವರನ್ನು "ನೀನು" ಎಂದುಬಿಟ್ಟೆ. ಮದುವೆಯಾದಾಗಿನಿಂದ ಅಂದವಳಲ್ಲ. "ಗೊತ್ತಾಗಿಯೂ ಹೋದ್ಯಾ? ನೀನು ಮನುಷ್ಯನಾ?" ಎಂದು ಕೂಗಿದೆ. ಬಸ್ಸೆಲ್ಲ ತಿರುಗಿ ನೋಡಿತು.

"ಹೋಗಲ್ಲ ಅಂದಿದ್ರೆ ನೀನು ಹೋಗಿ ಅಂತಿದ್ದೆ, ನಾನು ಇಲ್ಲ ಅಂತಿದ್ದೆ. ಮಾತಿಗೆ ಮಾತು ಬೆಳೀತಿತ್ತು. ತಟ್ಟಿ ಆಚೆ ಬಾನಿ ಇತ್ತು ಲಸ್ತ್ರಿ. ಆ ಬಾನಿ ಹೋದ್ರೆ ನೀನು ತಡ್ಕೊಳ್ಳಲ್ಲ ಅನ್ಕೊಂಡೆ. ಇದೂ ಹೋಗಿ ಅದೂ ಹೋಗೋದು ಬೇಡ ಅಂತ."

ಮುಂದಿನ ಸೀಟಿನಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು ತಿರುಗಿ, "ಬಾನಿ ಅಂದ್ರೆ ಯಾರಮ್ಮ? ಇವನ ಎರಡನೇ ಹೆಂಡ್ತಿನಾ?" ಎಂದಳು.

"ಹೂಂ, ಮೊದಲನೇದೂ ಅದೇ," ಎಂದೆ.

"ಹಂಗಾದ್ರೆ ಬಿಡ್ಬೇಡ, ಕೇಳು," ಎಂದು ಪೂರ್ತಿ ನಮ್ಮ ಕಡೆಗೇ ತಿರುಗಿ ಕೂತಳು.

ರೆಂಬಾಂಗಿನಲ್ಲಿ ಸಮುದ್ರ ಕಂಡಾಗ ಅವರು ಹೇಳಿದರು: ಅವತ್ತು ಸೆಮರಾಂಗಿನ ಅಂಗಡಿಯವರು ಬಟ್ಟೆ ಬಿಡಿಸಿ ನೋಡಿ, ಇಷ್ಟು ಚೆನ್ನಾದ ನೀಲಿ ನಿಮ್ಮ ಮನೆಯಿಂದ ಇದುವರೆಗೆ ಬಂದಿರಲಿಲ್ಲ ಎಂದರಂತೆ. ಚಹಾ ತರಿಸಿದರಂತೆ. ಮಾಸ್ ಜಿತೊ ಆ ಚಹಾ ಕುಡಿದರಂತೆ. "ಆ ಚಹಾ ಕುಡಿದೆ ನೋಡು, ಅದು ನನಗೆ ಹೋಗ್ತಿಲ್ಲ," ಎಂದರು. ಆಮೇಲೆ, "ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಕೇಳಿದರು. ಇಷ್ಟು ತಿಂಗಳು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಸೀಬೆ ಗಿಡದ ಕೆಳಗೆ ಎಂದೆ. ಬಾನಿಗೆ ನೀರು ಹೊರುವಾಗ ದಿನವೂ ಅವರು ಅದನ್ನು ದಾಟಿಯೇ ಹೋಗುತ್ತಾರೆ. ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಮೀನಿನ ಹೆಂಗಸು ಮುಂದಕ್ಕೆ ತಿರುಗಿಕೊಂಡಳು.

ಬರುವಾಗ ನಿಮ್ಮ ನೀಲಿಯ ಜಾಡಿ ನಮ್ಮ ಕಾಲಿನ ನಡುವೆ ಇತ್ತು. ಇನ್ನೂ ಆಡಬೇಕಾದದ್ದು ಬಹಳ ಉಳಿದಿತ್ತು. ಅದಕ್ಕೆ ಜಾಡಿಯನ್ನು ಡ್ರೈವರಿನ ಪಕ್ಕದಲ್ಲಿ ಇಟ್ಟು ಬಂದೆವು. ಅವನಿಗೆ ಕಾರಣ ಹೇಳಿದರೆ, "ಇಂಜಿನ್ನಿಗೇನೂ ಆಗಲ್ವಲ್ಲ?" ಎಂದ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಮೊನ್ನೆ ಅವರು ಊಟ ಮಾಡದೆ ಹೊರಗೆ ಹೋದರು. ನಾನು ಕರೆಯಲಿಲ್ಲ. ಆದರೆ ಹೋಟೆಲಿನ ಬಟ್ಟೆಯನ್ನು ಅರ್ಧಕ್ಕೆ ಇಳಿಸಿ ಎಂದು ಸೆಮರಾಂಗಿಗೆ ಇಬ್ಬರೂ ಹೋಗಿ ಹೇಳಿ ಬಂದೆವು. ಅಂಗಡಿಯವರಿಗೆ ಬೇಸರವಾಯಿತು. ಹಳ್ಳದ ಹತ್ತಿರ ಒಂದು ಚಪ್ಪರ ಬಾಡಿಗೆಗೆ ಹಿಡಿದಿದ್ದೇವೆ, ಹೊಸ ಬಾನಿ ಅಲ್ಲಿ ಇರುತ್ತದೆ. ಮನೆ ಮನೆಯಾಗಿರಲಿ ಎಂದರು ಮಾಸ್ ಜಿತೊ. ಹಲಗೆಯನ್ನು ಮೇಣದ ಹೆಂಗಸು ಮಗನಿಗೆಂದು ಕೇಳಿದಳು, ಕೊಟ್ಟೆ.

ನಾನು ಅಲ್ಲಿಗೆ ಬಂದು ಇರುತ್ತೇನೆಂದು ಬರೆದಿದ್ದೆ. ಬರುವುದಿಲ್ಲ ಬಪಾಕ್. ಅಂಗಳದಲ್ಲಿ ಉಜ್ಜಿ ಇಟ್ಟ ಬಾನಿಗಳನ್ನು ನಾನು ನೋಡಿದೆ. ಎರಡು ದಿನವೂ ಅವುಗಳನ್ನು ಸುತ್ತುಹಾಕಿ ಓಡಾಡಿದೆ. ನೀವೂ ಅವುಗಳ ವಿಷಯ ಎತ್ತಲಿಲ್ಲ. ನನ್ನ ಮೇಲೆ ಕೋಪ ಇದ್ದರೆ ಬರೆಯಿರಿ. ಈಗ ನನಗೆ ಕೇಳಲು ಬರುತ್ತದೆ.

ಸುಲಸ್ತ್ರಿ


ಕೆರೆಕ್
೨ ಜೂನ್ ೨೦೦೩

ಲಸ್ತ್ರಿ,

ಈಗ ಸಂಜೆ ಐದು. ಗಾಳಿ ಒಣಗಿದೆ. ಬೆಳಿಗ್ಗೆ ಎಂಬೊಕ್ ಮೇಣ ಹಾಕಿಟ್ಟಿದ್ದ ಕೊನೆಯ ಬಟ್ಟೆ ಅದ್ದಿದೆ. ಹಕ್ಕಿ ಮತ್ತು ಬಳ್ಳಿಯದು. ಒಂದು ಹಕ್ಕಿಗೆ ಕಣ್ಣು ಇಟ್ಟಿರಲಿಲ್ಲ. ಮರೆತಳೋ, ಆಮೇಲೆ ಇಡೋಣವೆಂದು ಬಿಟ್ಟಿದ್ದಳೋ ತಿಳಿಯದು. ನಾನು ಇಡಲು ಹೋಗಲಿಲ್ಲ, ನನ್ನ ಕೈಯಲ್ಲಿ ಗೆರೆ ನಡುಗುತ್ತದೆ. ಹಾಗೇ ಅದ್ದಿದೆ. ಚೆನ್ನಾಗಿ ಹಿಡಿದಿದೆ.

ಕೋಪ ಇದೆಯೇ ಎಂದು ಕೇಳಿದ್ದೀಯೆ. ಕೋಪ ಅಲ್ಲ. ನೀನು ಬರುತ್ತೀಯೆಂದು ಓದಿದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ, ನಿನ್ನ ಮನೆಯಲ್ಲಿ ಏನು ಮುರಿದರೆ ನೀನು ಇಲ್ಲಿಗೆ ಬರುವುದು ಎಂದು ನಾನು ಯೋಚಿಸಲೇ ಇಲ್ಲ. ನೀನು ಬರುವುದಿಲ್ಲ ಎಂದು ಓದಿ ಬೇಸರವಾಯಿತು. ಎರಡನ್ನೂ ಬರೆದಿದ್ದೇನೆ. ಕೇಳಲು ಬರುತ್ತದೆ ಎಂದೆಯಲ್ಲ.

ಜಿತೊಗೆ ಹೇಳು, ಹಳ್ಳದ ಹತ್ತಿರ ರಾತ್ರಿ ಚಳಿ ಇನ್ನೂ ಹೆಚ್ಚು. ಬಾನಿಯನ್ನು ಅರ್ಧ ನೆಲದಲ್ಲಿ ಹೂಳಲಿ. ಚಹಾದ ವಿಷಯ ಅವನು ಇನ್ನೊಂದು ಸಲ ಹೇಳಿದರೆ, ಇನ್ನೊಂದು ಸಲ ಕೇಳು.

ಮಧ್ಯಾಹ್ನ ತರ್ಮಿ ಬಂದಿದ್ದಳು. ಅಂಗಳದಲ್ಲಿ ಕೂತು ಎಲೆ ಹಾಕಿಕೊಳ್ಳುತ್ತ, "ಕಾಂಗ್, ಈ ಎರಡು ಬಾನಿ ಇಲ್ಲೇ ಇದ್ರೆ ನೀವು ದಿನಾ ತೊಳೀತಾನೇ ಇರ್ತೀರಿ," ಎಂದಳು.

"ಧೂಳು ಕೂರುತ್ತೆ," ಎಂದೆ.

"ಕೂರ್ಲಿ ಬಿಡಿ. ಧೂಳಿಗೂ ಒಂದು ಜಾಗ ಬೇಕು."

 ಅವಳ ಸೊಸೆ ಈಗ ಬಾತಿಕ್ ಕಲಿಯುತ್ತಿದ್ದಾಳೆ. ಮಗನಿಗೆ ನೀಲಿ ಹೇಳಿಕೊಡುತ್ತೀರಾ ಎಂದು ಕೇಳಲು ಬಂದಿದ್ದ ತರ್ಮಿ ಅದು ಬಿಟ್ಟು ಬೇರೆಲ್ಲ ಮಾತಾಡಿದಳು. ಕೊನೆಗೆ ಕೇಳಿದಳು. ಮದುವೆಯಾಗಿ ಎರಡು ತಿಂಗಳಾದ ಹುಡುಗರು, ಗಂಡ ಅದ್ದಬೇಕು, ಹೆಂಡತಿ ಗೆರೆ ಎಳೆಯಬೇಕು. ಮೊದಲ ದಿನ ಏನು ಹೇಳಿಕೊಡಬೇಕೆಂದು ನನಗೆ ಈಗ ಗೊತ್ತಿದೆ. ಮೊದಲು ಸಂತೆಯ ವ್ಯಾನು, ಸುಣ್ಣದ ಅಳತೆ ಆಮೇಲೆ.

ಎರಡೂ ಬಾನಿ ತೆಗೆದುಕೊಂಡು ಹೋಗಿ ಎಂದೆ. ನನಗೆ ಇರುವ ಒಂದು ಸಾಕು.

ನಾಳೆ ಬೆಳಿಗ್ಗೆ ತರ್ಮಿಯ ಗಂಡ ಗಾಡಿ ತರುತ್ತಾನೆ.

ನಿನ್ನ ಬಪಾಕ್,
ತಸ್ರಿಪಾನ್